ಸೌದಿಯಲ್ಲಿ ಲಸಿಕೆಯ ‘ಮೌಇದ್’: ಅರಬಿ ಬಾರದವರು ಎಡವುವ ಜಾಗಗಳು

ಸೌದಿಯಲ್ಲಿ ಆಸ್ಪತ್ರೆ ಇರಲಿ, ಬ್ಯಾಂಕ್ ಇರಲಿ, ಜವಾಝಾತ್ ಕಚೇರಿ ಇರಲಿ, ಹೋಗುವ ಮೊದಲು ಬೇಕಾದದ್ದು ಮೌಇದ್. ಅಂದರೆ ಮುಂಚಿತವಾಗಿ ಪಡೆದ ದಿನ ಮತ್ತು ಸಮಯ. ನಮ್ಮವರಿಗೆ ಈ ಪದ ಹಳೆಯದೇ. ಆದರೆ ಕ್ಯಾಂಪಿನ ಪ್ರತಿ ರೂಮಿಗೂ ಅದು ಬಂದು ಕೂತದ್ದು ಕೊರೋನ ಲಸಿಕೆಯ ಕಾಲದಲ್ಲಿ. 2020ರ ಡಿಸೆಂಬರ್ 17ರಂದು ಸೌದಿ ಅರೇಬಿಯ ಲಸಿಕೆ ಹಾಕುವ ಕೆಲಸ ಶುರು ಮಾಡಿತು. ಸ್ವದೇಶಿಗಳಿಗೂ ಇಖಾಮ ಇರುವ ವಿದೇಶಿಗಳಿಗೂ ಅದು ಸಂಪೂರ್ಣ ಉಚಿತವಾಗಿತ್ತು. ಹಾಗಾಗಿ ದುಡ್ಡಿನ ಪ್ರಶ್ನೆ ಬರಲಿಲ್ಲ. ಅಡ್ಡಿಯಾದದ್ದು ಅಂಗೈಯಗಲದ ಫೋನಿನ ಪರದೆ.

ಹೆಸರು ನೋಂದಾಯಿಸಲು ಇದ್ದ ದಾರಿ ಸೌದಿ ಆರೋಗ್ಯ ಸಚಿವಾಲಯದ ‘ಸೆಹತಿ’ ಆ್ಯಪ್. ‘ನನ್ನ ಆರೋಗ್ಯ’ ಎಂದು ಅದರ ಅರ್ಥ. ಲಸಿಕೆ ಆಗಿದೆ ಎಂದು ತೋರಿಸಲು ಇನ್ನೊಂದು ಆ್ಯಪ್, ‘ತವಕ್ಕಲ್‌ನಾ’. ಒಂದು ಡೋಸ್ ಆದವರಿಗೆ ಇಷ್ಟು, ಎರಡು ಆದವರಿಗೆ ಇಷ್ಟು ಎಂದು ಬಣ್ಣ ಮತ್ತು ‘ಮುಹಸ್ಸನ್’ ಎಂಬ ಪದದಲ್ಲಿ ಅದು ತೋರಿಸುತ್ತಿತ್ತು. 2021ರ ಆಗಸ್ಟ್ 1ರಿಂದ ಅಂಗಡಿ, ಮಾಲ್, ಕಚೇರಿ, ಬಸ್ಸು ಎಲ್ಲದಕ್ಕೂ ಈ ‘ಮುಹಸ್ಸನ್’ ಕಡ್ಡಾಯವಾಯಿತು. ಅಕ್ಟೋಬರ್ 10ರಿಂದ ಎರಡೂ ಡೋಸ್ ಆದವರು ಮಾತ್ರ ಮುಹಸ್ಸನ್. 2022ರ ಫೆಬ್ರವರಿ 1ರಿಂದ ಎರಡನೇ ಡೋಸ್ ಆಗಿ ಎಂಟು ತಿಂಗಳು ಕಳೆದವರಿಗೆ ಬೂಸ್ಟರ್ ಕೂಡ ಬೇಕಾಯಿತು. ಬಕಾಲದಲ್ಲಿ ನಿಂತು ವ್ಯಾಪಾರ ಮಾಡುವವನಿಗೆ ಮೌಇದ್ ತಪ್ಪಿದರೆ ಕೆಲಸದ ಜಾಗದ ಬಾಗಿಲೇ ಮುಚ್ಚಿದ ಹಾಗೆ.

ಓದಲು ಒಂದು ಭಾಷೆ, ಕೇಳಲು ಇನ್ನೊಂದು

‘ಭಾಷೆ ಗೊತ್ತಿಲ್ಲ’ ಅನ್ನುವುದು ನಮ್ಮ ಕಡೆಯವರ ಮಟ್ಟಿಗೆ ಅಷ್ಟು ಸರಳ ಮಾತಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಒಬ್ಬ ಬ್ಯಾರಿ ಯುವಕನನ್ನು ತೆಗೆದುಕೊಳ್ಳಿ. ಮನೆಮಾತು ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳಂ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಮಾತಾಡಲೂ ಬರುತ್ತದೆ. ಆದರೆ ಕನ್ನಡ ಮೀಡಿಯಂನಲ್ಲಿ ಕಲಿತ ಬಹಳಷ್ಟು ಮಂದಿಗೆ ಮಲಯಾಳಂ ಅಕ್ಷರ ಓದುವುದು ಕಷ್ಟ. ಹಿಂದಿ ಮಾತಾಡುತ್ತಾನೆ, ಉರ್ದು ಲಿಪಿ ಗೊತ್ತಿಲ್ಲ. ಮದ್ರಸದಲ್ಲಿ ಕಲಿತದ್ದರಿಂದ ಅರಬಿ ಅಕ್ಷರ ಓದುತ್ತಾನೆ, ಅದೂ ಫತಹ್, ಕಸ್ರ್ ಇದ್ದರೆ. ಸರಕಾರಿ ಮೆಸೇಜಿನಲ್ಲಿ ಆ ಗುರುತುಗಳು ಇರುವುದಿಲ್ಲ, ಪದದ ಅರ್ಥವೂ ಹೊಸದು. ಐದಾರು ಭಾಷೆ ಬಾಯಲ್ಲಿದ್ದರೂ ನೋಟಿಸ್ ಬೋರ್ಡಿನ ಮುಂದೆ ಅವನು ಅನಕ್ಷರಸ್ಥನಂತೆ ನಿಲ್ಲಬೇಕಾಗುತ್ತದೆ.

ಗಲ್ಫ್ ದೇಶಗಳು ಕೊರೋನ ತಿಳುವಳಿಕೆಯ ಕರಪತ್ರಗಳನ್ನು ಅರಬಿ, ಇಂಗ್ಲಿಷ್ ಅಲ್ಲದೆ ಮಲಯಾಳಂ, ಹಿಂದಿ, ಉರ್ದು, ಬಂಗಾಳಿಯಂಥ ಭಾಷೆಗಳಲ್ಲೂ ಹೊರಡಿಸಿದ್ದವು. ಅದು ಒಳ್ಳೆಯ ಕೆಲಸವೇ. ಕನ್ನಡ ಮಾತ್ರ ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣಲಿಲ್ಲ. ‘ಇವರು ಕೇರಳದವರು, ಮಲಯಾಳಂ ಸಾಕು’ ಎಂದು ಕಾಸರಗೋಡಿನವರನ್ನು ಲೆಕ್ಕ ಹಾಕುವ ಅಭ್ಯಾಸ ಊರಲ್ಲೂ ಇದೆ, ಗಲ್ಫಿನಲ್ಲೂ ಇದೆ. ಆದ್ದರಿಂದ ನಮ್ಮವರ ನಡುವೆ ನಿಜಕ್ಕೂ ಕೆಲಸ ಮಾಡಿದ್ದು ವಾಟ್ಸಪ್ಪಿನ ವಾಯ್ಸ್ ಮೆಸೇಜ್. ‘ಈ ಬಟನ್ ಒತ್ತು, ಆಮೇಲೆ ಹಸಿರು ಬರುತ್ತದೆ’ ಎಂದು ರೂಮಿನ ಯಾವನೋ ಒಬ್ಬ ಇಚ್ಚ ಬ್ಯಾರಿಯಲ್ಲಿ ಹೇಳಿದ ಎರಡು ನಿಮಿಷದ ಆಡಿಯೊ ಯಾವ ಪೋಸ್ಟರಿಗಿಂತಲೂ ದೂರ ಹೋಗುತ್ತದೆ. ಕೊರತೆ ಏನೆಂದರೆ, ವಾಯ್ಸ್ ಮೆಸೇಜಿಗೆ ತಾರೀಕು ಇರುವುದಿಲ್ಲ. ನಿಯಮ ಬದಲಾದ ಮೇಲೂ ಹಳೆಯ ಆಡಿಯೊ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಮಾಡುವವರು ಮೊದಲ ವಾಕ್ಯದಲ್ಲೇ ದಿನಾಂಕ ಹೇಳಿಬಿಡುವುದು ಒಳ್ಳೆಯದು.

ಒಂದು ಡೋಸ್ ಅಲ್ಲಿ, ಒಂದು ಇಲ್ಲಿ

ಮೌಇದ್ ತಡವಾದರೆ ಎಷ್ಟು ನಷ್ಟ ಅನ್ನುವುದನ್ನು 2021 ತೋರಿಸಿಕೊಟ್ಟಿತು. ಆ ವರ್ಷದ ಫೆಬ್ರವರಿ 3ರಿಂದ ಭಾರತವೂ ಸೇರಿ 20 ದೇಶಗಳಿಂದ ಬರುವವರಿಗೆ ಸೌದಿ ಪ್ರವೇಶ ನಿಲ್ಲಿಸಿತು. ಏಪ್ರಿಲ್‌ನಲ್ಲಿ ಎರಡನೇ ಡೋಸಿನ ಮೌಇದ್‌ಗಳನ್ನು ಮುಂದೂಡಿತು, ಹೆಚ್ಚು ಜನರಿಗೆ ಮೊದಲ ಡೋಸ್ ಸಿಗಲಿ ಎಂದು. ಎರಡನೇ ಡೋಸ್ ಜೂನ್ ಕೊನೆಯಿಂದ ಹಂತ ಹಂತವಾಗಿ ತೆರೆಯಿತು. ಈ ನಡುವೆ ಒಂದು ಡೋಸ್ ತಗೊಂಡು ರಜೆಗೆ ಊರಿಗೆ ಬಂದವರು ಸಿಕ್ಕಿಬಿದ್ದರು.

ಆಗಸ್ಟ್ ಕೊನೆಯ ವಾರ ಬಂದ ನಿಯಮ ಹೀಗಿತ್ತು: ಸೌದಿಯೊಳಗೇ ಎರಡೂ ಡೋಸ್ ಮುಗಿಸಿ ಊರಿಗೆ ಹೋದ ಇಖಾಮದಾರರು ನೇರವಾಗಿ ವಾಪಸ್ ಬರಬಹುದು. ಎರಡನೆಯದನ್ನು ಊರಲ್ಲಿ ಹಾಕಿಸಿಕೊಂಡವರಿಗೆ ಆ ಅನುಕೂಲ ಇಲ್ಲ, ಅವರು ನಿರ್ಬಂಧವಿಲ್ಲದ ಇನ್ನೊಂದು ದೇಶದಲ್ಲಿ 14 ದಿನ ಕಳೆದು ಬರಬೇಕು. ಹಾಗೆ ಮಾಲ್ದೀವ್ಸ್‌ನಂಥ ಕಡೆ ಹೋಟೆಲ್ ಬಾಡಿಗೆ ಕಟ್ಟಿ ಕೂತವರ ಖರ್ಚು ಕೆಲವು ತಿಂಗಳ ಸಂಬಳವನ್ನೇ ನುಂಗಿತು. ಭಾರತದಿಂದ ನೇರ ಪ್ರವೇಶ ಎಲ್ಲರಿಗೂ ತೆರೆದದ್ದು ಡಿಸೆಂಬರ್ 1ರಂದು. ಸೆಹತಿಯಲ್ಲಿ ಎರಡನೇ ಮೌಇದ್ ತೆರೆದಿದೆ ಎಂಬ ಸುದ್ದಿ ಒಬ್ಬನಿಗೆ ಒಂದು ವಾರ ಮೊದಲು ಅರ್ಥವಾಯಿತು, ಇನ್ನೊಬ್ಬನಿಗೆ ಆಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ವಾರದ ಬೆಲೆ ಲಕ್ಷದ ಹತ್ತಿರ ನಿಲ್ಲಬಹುದಿತ್ತು.

ಊರಿನ ಸರ್ಟಿಫಿಕೇಟಿನ ಕಥೆ ಬೇರೆ. ಇಲ್ಲಿ ಕೊಟ್ಟದ್ದು ಕೋವಿಶೀಲ್ಡ್, ಅಲ್ಲಿಯ ಪಟ್ಟಿಯಲ್ಲಿದ್ದ ಹೆಸರು ಆಸ್ಟ್ರಾಝೆನೆಕ. ಎರಡೂ ಒಂದೇ ಲಸಿಕೆ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ್ದಕ್ಕೆ ಇನ್ನೊಂದು ಹೆಸರು, ಅಷ್ಟೆ. ಆದರೆ ಕಾಗದದಲ್ಲಿ ಹೆಸರು ಕಾಣದಿದ್ದರೆ ಅರ್ಜಿ ನೋಡುವವನಿಗೆ ಅದು ಬೇರೆಯೇ. ಎರಡು ಕೋವಿಶೀಲ್ಡ್ ಡೋಸಿನ ಮಧ್ಯೆ 12ರಿಂದ 16 ವಾರ ಅಂತರ ಬೇಕೆಂದು ನಿಯಮ ಇದ್ದಾಗ, ವಿದೇಶಕ್ಕೆ ಕೆಲಸ, ಓದಿಗೆ ಹೋಗುವವರಿಗೆ 28 ದಿನದ ನಂತರ ಕೊಡಬಹುದು, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಬೇಕು ಎಂದು ಕೇಂದ್ರ ಸರಕಾರ 2021ರ ಜೂನ್ 7ರಂದು ಸೂಚನೆ ಹೊರಡಿಸಿತು. ಕೊವ್ಯಾಕ್ಸಿನ್ ತಗೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರ್ 3ರ ತನಕ ಕಾಯಬೇಕಾಯಿತು.

ಅಂಕಿ ಮತ್ತು ಗಳಿಗೆ

ಕೊರೋನದ ಕಾನೂನು ಈಗಿಲ್ಲ. ಆದರೆ ಸೆಹತಿ ಇದೆ. ಚಳಿಗಾಲದ ಫ್ಲೂ ಲಸಿಕೆ, ಮಕ್ಕಳ ಲಸಿಕೆ, ಹಜ್ಜಿಗೆ ಬೇಕಾದ ಲಸಿಕೆ ಎಲ್ಲಕ್ಕೂ ಮೌಇದ್ ಅದರಲ್ಲೇ. ಆ್ಯಪ್ ಅನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ಅದನ್ನು ಮಾಡಿದರೆ ಅರ್ಧ ಕಷ್ಟ ಹೋಯಿತು. ಉಳಿದರ್ಧ ಫೋನಿಗೆ ಬರುವ ಅರಬಿ ಎಸ್‌ಎಂಎಸ್ ಮತ್ತು ಕೌಂಟರಿನ ಚೀಟಿ.

ಅರಬಿ ಅಂಕಿಯಲ್ಲಿ ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವುದು ಐದು. ನಿಜವಾದ ಸೊನ್ನೆ ಬರೀ ಒಂದು ಚುಕ್ಕಿ. ಆರು ಇಂಗ್ಲಿಷಿನ ಏಳರ ಹಾಗಿರುತ್ತದೆ. ಏಳು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ, ಎಂಟು ಅದನ್ನೇ ಕವುಚಿ ಹಾಕಿದಂತೆ. ಊರಿನ ಕೆಲವು ಮುಸ್‌ಹಫ್‌ಗಳಲ್ಲಿ ಆಯತ್‌ಗಳ ನಂಬರ್ ಉರ್ದು ಶೈಲಿಯಲ್ಲಿರುತ್ತದೆ, ಅದರಲ್ಲಿ ನಾಲ್ಕು, ಐದು, ಆರರ ರೂಪ ಬೇರೆ. ಮದ್ರಸದಲ್ಲಿ ಕಲಿತ ಧೈರ್ಯದಲ್ಲಿ ಓದುವವರೂ ಇಲ್ಲಿ ಎಡವುತ್ತಾರೆ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ಎಡದಿಂದ ಬಲಕ್ಕೇ ಓದಬೇಕು.

ಸಮಯದ ಪಕ್ಕ ‘ಸ್ವಾದ್’ ಅಕ್ಷರ ಒಂಟಿಯಾಗಿ ಇದ್ದರೆ ಬೆಳಗ್ಗೆ (ಸಬಾಹ್), ‘ಮೀಮ್’ ಇದ್ದರೆ ಮಧ್ಯಾಹ್ನದ ನಂತರ (ಮಸಾ). ಆಸ್ಪತ್ರೆಗಳು ಎರಡೂ ಹೊತ್ತು ಮೌಇದ್ ಕೊಡುವುದರಿಂದ ಈ ಒಂದು ಅಕ್ಷರ ನೋಡದೆ ಹನ್ನೆರಡು ಗಂಟೆ ವ್ಯತ್ಯಾಸ ಮಾಡಿಕೊಳ್ಳುವವರಿದ್ದಾರೆ. ವಾರದ ಹೆಸರು ಸುಲಭ: ಅಹದ್ ಅಂದರೆ ಒಂದು, ಆದಿತ್ಯವಾರ. ಅಲ್ಲಿಂದ ಇಸ್ನೈನ್, ಸುಲಾಸಾ, ಅರ್ಬಿಆ, ಖಮೀಸ್ ಎಂದು ಎಣಿಸುತ್ತಾ ಹೋದರೆ ಗುರುವಾರಕ್ಕೆ ಐದಾಗುತ್ತದೆ. ತಾರೀಕು ಹಿಜ್‌ರಿಯೋ ಇಂಗ್ಲಿಷೋ ಎಂದು ತಿಳಿಯಲು ಇಸವಿ ನೋಡಿದರೆ ಸಾಕು, 14ರಿಂದ ಶುರುವಾದರೆ ಹಿಜ್‌ರಿ.

ಕೌಂಟರಿನಲ್ಲಿ ಕಿವಿಗೆ ಬೀಳುವ ಪದಗಳು ಹೆಚ್ಚಿಲ್ಲ. ತತ್‌ಈಮ್ ಅಥವಾ ಲಿಕಾಹ್ ಅಂದರೆ ಲಸಿಕೆ, ಇಬ್ರ ಅಂದರೆ ಸೂಜಿ, ಜುರ್‌ಅ ಅಂದರೆ ಡೋಸ್, ಊಲಾ ಮೊದಲನೆಯದು, ಸಾನಿಯ ಎರಡನೆಯದು. ನಿಂತು ಕೇಳಿಸಿಕೊಳ್ಳಬೇಕಾದ ಪದಗಳು ಬೇರೆ: ಹಸಾಸಿಯ ಅಂದರೆ ಅಲರ್ಜಿ, ಸುಕ್ಕರಿ ಅಂದರೆ ಶುಗರ್ ಕಾಯಿಲೆ, ಹಾಮಿಲ್ ಅಂದರೆ ಗರ್ಭಿಣಿ. ನರ್ಸ್ ಏನು ಕೇಳಿದರೂ ‘ನಅಮ್, ನಅಮ್’ ಎಂದು ತಲೆಯಾಡಿಸುವ ಅಭ್ಯಾಸ ಅಪಾಯದ್ದು. ‘ಮಾ ಫೀ ಮಾಲೂಮ್’ ಎಂದು ಹೇಳುವುದರಲ್ಲಿ ನಾಚಿಕೆ ಏನಿಲ್ಲ. ಸೌದಿ ಆಸ್ಪತ್ರೆಗಳಲ್ಲಿ ಮಲಯಾಳಿ ನರ್ಸ್‌ಗಳು ಬಹಳ ಮಂದಿ ಇದ್ದಾರೆ, ಕೇಳಿದರೆ ಒಬ್ಬರನ್ನು ಕರೆದುಕೊಡುತ್ತಾರೆ. ಓದಲು ಬಾರದ ಮಲಯಾಳಂ ಇಲ್ಲಿ ಮಾತಿನ ರೂಪದಲ್ಲಿ ಕೈ ಹಿಡಿಯುತ್ತದೆ.

ರೂಮಿನ ಸ್ನೇಹಿತನನ್ನು ದುಭಾಷಿಯಾಗಿ ಕರೆದೊಯ್ಯುವವರು ಒಂದು ವಿಷಯ ಯೋಚಿಸಬೇಕು. ತನ್ನ ಶುಗರ್, ತನ್ನ ಮಾತ್ರೆ, ಹೆಂಡತಿಯ ಗರ್ಭ, ಎಲ್ಲವೂ ಅವನ ಬಾಯಿಂದಲೇ ಹೋಗಬೇಕು. ಕಫೀಲಿನ ಕಿವಿಗೆ ಬಿದ್ದರೆ ಕೆಲಸ ಹೋದೀತು ಎಂಬ ಹೆದರಿಕೆಯಲ್ಲಿ ಎಷ್ಟೋ ಮಂದಿ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಅಂಥವರಿಗೆ ಕಾಯಿಲೆ, ಮಾತ್ರೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಸಾಕು, ನರ್ಸ್ ಕೈಗೆ ಕೊಟ್ಟರೆ ಆಯಿತು. ಸಚಿವಾಲಯದ ಸಹಾಯವಾಣಿ 937. ಇಂಗ್ಲಿಷಿನಲ್ಲೂ ಮಾತಾಡಬಹುದು.

ಒಟಿಪಿ ಯಾರ ಫೋನಿಗೆ?

ಸೆಹತಿ ತೆರೆಯಲು ಇಖಾಮ ನಂಬರ್ ಬೇಕು, ಜೊತೆಗೆ ಅಬ್ಶಿರ್‌ನಲ್ಲಿ ದಾಖಲಾದ ಮೊಬೈಲಿಗೆ ಬರುವ ಕೋಡ್, ಇಲ್ಲವೇ ‘ನಫಾದ್’ ಆ್ಯಪ್‌ನ ದೃಢೀಕರಣ. ಹೌಸ್ ಡ್ರೈವರ್, ಮನೆಗೆಲಸದ ಮಹಿಳೆ, ಹೊಸದಾಗಿ ಬಂದ ಕಾರ್ಮಿಕ, ಇವರಲ್ಲಿ ಹಲವರ ಸಿಮ್ ಬೇರೆಯವರ ಹೆಸರಿನಲ್ಲಿರುತ್ತದೆ, ಅಬ್ಶಿರ್‌ನಲ್ಲಿ ಕಫೀಲಿನ ಅಥವಾ ಹಳೆಯ ರೂಮ್‌ಮೇಟ್‌ನ ನಂಬರ್ ಇರುತ್ತದೆ. ಕೋಡ್ ಅಲ್ಲಿಗೆ ಹೋಗುತ್ತದೆ. ಹೊರಗಿನಿಂದ ನೋಡಿದವರು ‘ಇವನಿಗೆ ಭಾಷೆ ಬರಲ್ಲ’ ಅಂದುಕೊಳ್ಳುತ್ತಾರೆ, ತೊಂದರೆ ಮಾತ್ರ ನಂಬರಿನದು. ಕುವೈತ್‌ನ ಸಿವಿಲ್ ಐಡಿ, ಖತರ್‌ನ ಕ್ಯೂಐಡಿಯಲ್ಲೂ ಇದೇ ಗೋಳು. ಸ್ವಂತ ಸಿಮ್, ಸ್ವಂತ ಅಬ್ಶಿರ್ ಇಟ್ಟುಕೊಳ್ಳುವುದು ಗಲ್ಫಿಗೆ ಕಾಲಿಟ್ಟ ಮೊದಲ ತಿಂಗಳ ಕೆಲಸ.

ಹತ್ತಿಪ್ಪತ್ತು ರಿಯಾಲ್ ತಗೊಂಡು ಮೌಇದ್ ಮಾಡಿಕೊಡುವ ಖಿದ್‌ಮತ್ ಅಂಗಡಿಗಳಿವೆ. ಅವರಲ್ಲಿ ಪ್ರಾಮಾಣಿಕರೇ ಹೆಚ್ಚು. ಆದರೂ ಒಟಿಪಿ ಹೇಳುವ ಮೊದಲು ಮೆಸೇಜ್ ಯಾವುದಕ್ಕೆ ಬಂದದ್ದು ಎಂದು ನೋಡಬೇಕು. ಲಸಿಕೆಗೆ ಒಪ್ಪಿಗೆ ಕೊಡುವ ನಫಾದ್‌ನಿಂದಲೇ ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಕೂಡ ತೆರೆಯಬಹುದು. ಪರದೆಯಲ್ಲಿ ಬಂದ ಎರಡಂಕಿಯನ್ನು ‘ಒತ್ತು’ ಎಂದು ಫೋನಿನಲ್ಲಿ ಹೇಳುವ ಅಪರಿಚಿತ, ಆರೋಗ್ಯ ಸಚಿವಾಲಯದವನು ಎಂದು ಹೇಳಿಕೊಂಡರೂ, ಮೋಸಗಾರನೇ. 2021ರಲ್ಲಿ ದುಡ್ಡು ತಗೊಂಡು ತವಕ್ಕಲ್‌ನಾದ ಸ್ಟೇಟಸ್ ಬದಲಿಸಿದವರನ್ನೂ ಬದಲಿಸಿಕೊಂಡವರನ್ನೂ ಸೌದಿ ಬಂಧಿಸಿತ್ತು.

ಮಕ್ಕಳ ಕಾರ್ಡ್, ಉಮ್ರಕ್ಕೆ ಬರುವ ಹಿರಿಯರು

ಫ್ಯಾಮಿಲಿ ವೀಸಾದಲ್ಲಿ ಮಕ್ಕಳನ್ನು ಕರೆಸುವವರು ಊರಿನ ಲಸಿಕೆ ಕಾರ್ಡನ್ನು ಬ್ಯಾಗಿನ ತಳಕ್ಕೆ ಹಾಕಿ ಮರೆತುಬಿಡುತ್ತಾರೆ. ಶಾಲೆಗೆ ಸೇರಿಸುವಾಗ ಅದು ಬೇಕು. ಭಾರತದಲ್ಲಿ ಮಗುವಿಗೆ 6, 10, 14ನೇ ವಾರದಲ್ಲಿ ಲಸಿಕೆ. ಸೌದಿಯಲ್ಲಿ 2, 4, 6ನೇ ತಿಂಗಳಲ್ಲಿ. ಇಲ್ಲಿಯ ಸರಕಾರಿ ಲಸಿಕೆಯಲ್ಲಿ ದಡಾರ, ರುಬೆಲ್ಲ ಎರಡಕ್ಕೆ. ಅಲ್ಲಿ ಮಂಗನಬಾವೂ ಸೇರಿ ಮೂರಕ್ಕೆ. ಸೀತಾಳೆ ಸಿಡುಬು, ಹೆಪಟೈಟಿಸ್ ‘ಎ’ ಲಸಿಕೆಗಳು ಅಲ್ಲಿಯ ಪಟ್ಟಿಯಲ್ಲಿವೆ, ನಮ್ಮ ಸರಕಾರಿ ಪಟ್ಟಿಯಲ್ಲಿಲ್ಲ. ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಕೈಬರಹದಲ್ಲಿ ಬರೆದದ್ದು ಮಲಯಾಳಂನಲ್ಲೋ ಕನ್ನಡದಲ್ಲೋ ಇದ್ದರೆ ಅಲ್ಲಿಯ ಡಾಕ್ಟರಿಗೆ ಅದು ಖಾಲಿ ಕಾಗದ. ಹೊರಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಸೀಲ್ ಹಾಕಿಸಿ, ಮಗುವಿನ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ನೋಡಬೇಕು. ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆಸಿದರೆ 4–5 ಅಂದರೆ ಏಪ್ರಿಲೋ ಮೇಯೋ ಎಂಬ ಚರ್ಚೆ ಬರುವುದಿಲ್ಲ.

ಹೆಸರಿನ ಕಾಗುಣಿತ ದೊಡ್ಡವರಿಗೂ ತಲೆನೋವು. ಆಧಾರ್‌ನಲ್ಲಿ ಒಂದು ‘ಮುಹಮ್ಮದ್’, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇಖಾಮದಲ್ಲಿ ಅರಬಿಗೆ ಹೋಗಿ ಬಂದ ಮೂರನೆಯದು. ಊರಿನ ಲಸಿಕೆ ದಾಖಲೆ ಹೊರದೇಶಕ್ಕೆ ಬೇಕೆಂದಾದರೆ ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಸಿಯೇ ಮಾಡಿಸಬೇಕು.

ಹಜ್, ಉಮ್ರಕ್ಕೆ ಹೊರದೇಶದಿಂದ ಬರುವವರಿಗೆ ಮೆನಿಂಜೈಟಿಸ್ ಲಸಿಕೆ ನಿಯಮದಲ್ಲಿದೆ. ಅದನ್ನು ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಪಾಲಿಸ್ಯಾಕರೈಡ್ ಲಸಿಕೆಗೆ 3 ವರ್ಷ, ಕಾಂಜುಗೇಟ್ ಲಸಿಕೆಗೆ 5 ವರ್ಷ ಮಾನ್ಯತೆ, ಆದ್ದರಿಂದ ಯಾವ ಬಗೆಯದು ಎಂದು ಸರ್ಟಿಫಿಕೇಟಿನಲ್ಲಿ ಬರೆಸಿಕೊಳ್ಳುವುದು ಮುಖ್ಯ. ಸೌದಿಯಲ್ಲೇ ಇದ್ದು ಹಜ್ ಮಾಡುವವರು ಸೆಹತಿಯಲ್ಲಿ ಮೌಇದ್ ಮಾಡಿ ಹಾಕಿಸಿಕೊಂಡರೆ ದಾಖಲೆ ತಾನಾಗಿ ಕೂತುಕೊಳ್ಳುತ್ತದೆ. 2021ರಲ್ಲಿ ಸೌದಿಯೊಳಗಿನ 60 ಸಾವಿರ ಮಂದಿಗೆ ಮಾತ್ರ ಹಜ್ ಅವಕಾಶ ಸಿಕ್ಕಾಗ, ಅರ್ಜಿ ಹಾಕಲು ಬೇಕಾದ ಮೊದಲ ಅರ್ಹತೆಯೇ ಲಸಿಕೆಯಾಗಿತ್ತು. ಉಮ್ಮ, ಬಾಪ ಊರಿನಿಂದ ಉಮ್ರಕ್ಕೆ ಬರುವುದಿದ್ದರೆ ಟಿಕೆಟ್ ಬುಕ್ ಮಾಡುವ ದಿನವೇ ಲಸಿಕೆಯ ದಿನವನ್ನೂ ಗುರುತು ಹಾಕಿಕೊಳ್ಳಿ, ಸರ್ಟಿಫಿಕೇಟಿನ ಫೋಟೊ ಮಗನ ಫೋನಿನಲ್ಲಿ ಒಂದು, ಅವರ ಕೈಚೀಲದಲ್ಲಿ ಮೂಲ ಪ್ರತಿ ಒಂದು ಇರಲಿ.