ಸಾವಿನ ಸಂಖ್ಯೆಯೂ ಸಾವಿನ ಕಾರಣವೂ: 1992–93ರ ಮುಂಬಯಿ ಗಲಭೆಗಳ ಒಂದು ಅವಲೋಕನ

ಮುಂಬಯಿ ದ್ವೀಪದ ಪೂರ್ವಭಾಗದಲ್ಲಿ ವಡಾಲಾ ಹಾಗೂ ಸಾಯನ್ ಕೋಳಿವಾಡಾಗಳಿಗೆ ಹೊಂದಿಕೊಂಡಿರುವ ಆಂಟಾಪ್ ಹಿಲ್ ಪರಿಸರವು ಕೇಂದ್ರ ಸರಕಾರದ ನೌಕರರ ವಸತಿಗಳಿಂದಲೂ ಶ್ರಮಜೀವಿಗಳ ಜೋಪಡಿಗಳಿಂದಲೂ ಕೂಡಿದುದಾಗಿದೆ. ನಾನಾ ಪ್ರಾಂತಗಳಿಂದ ಹೊಟ್ಟೆಯ ಪಾಡಿಗಾಗಿ ಬಂದವರು ಅಲ್ಲಿ ನೆರೆಹೊರೆಯವರಾಗಿ ಬಾಳಿದರು. 1992ರ ಡಿಸೆಂಬರ್ 6ರಂದು ಅಯೋಧ್ಯೆಯ ಬಾಬರಿ ಮಸೀದಿಯು ಕೆಡವಲ್ಪಟ್ಟ ತರುವಾಯ ನಗರವನ್ನು ಆವರಿಸಿದ ಹಿಂಸೆಯು ಈ ನೆರೆಹೊರೆಯನ್ನೂ ಬಿಡಲಿಲ್ಲ. 1993ರ ಜನವರಿಯಲ್ಲಿ ಅಲ್ಲಿನ ಪ್ರತೀಕ್ಷಾ ನಗರದ ಮುಸಲ್ಮಾನರ ಮನೆಗಳು ದಾಳಿಗೆ ಗುರಿಯಾದವು.

ಈ ಗಲಭೆಗಳ ವಿಚಾರಣೆಗಾಗಿ ಮಹಾರಾಷ್ಟ್ರ ಸರಕಾರವು ಬೆಂಗಳೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಆಯೋಗವನ್ನು 1993ರಲ್ಲಿ ನೇಮಿಸಿತು. 1996ರ ಜನವರಿಯಲ್ಲಿ ಆಯೋಗವನ್ನು ರದ್ದುಗೊಳಿಸಿ ಅದೇ ವರ್ಷದ ಮೇ ತಿಂಗಳಲ್ಲಿ ಪುನಃ ಸ್ಥಾಪಿಸಲಾಯಿತು. 1998ರ ಫೆಬ್ರುವರಿಯಲ್ಲಿ ಸಲ್ಲಿಸಲ್ಪಟ್ಟ ಅದರ ವರದಿಯು ಪೋಲೀಸ್ ಠಾಣೆಗಳ ಕ್ರಮದಲ್ಲಿ ಘಟನೆಗಳನ್ನು ಪರಿಶೀಲಿಸುತ್ತದೆ. ಆಂಟಾಪ್ ಹಿಲ್ ಠಾಣೆಯೂ ಅವುಗಳಲ್ಲೊಂದು.

ವರದಿಯ ಪ್ರಕಾರ ಮೃತರು 900 ಮಂದಿ. ಅವರಲ್ಲಿ ಮುಸಲ್ಮಾನರು 575, ಹಿಂದೂಗಳು 275, ಗುರುತು ದೊರೆಯದವರು 45, ಇತರರು 5. ಈ ಅಂಕೆಗಳು ಬಹಳವಾಗಿ ಉಲ್ಲೇಖಗೊಂಡಿವೆ. ಇವುಗಳ ಜೊತೆಗೇ ಇರುವ ಇನ್ನೊಂದು ಪಟ್ಟಿಯತ್ತ ಮಾತ್ರ ಸಾಕಷ್ಟು ಗಮನ ಹರಿದಿಲ್ಲ. ಅದು ಸಾವಿನ ಕಾರಣಗಳ ಪಟ್ಟಿ: ಪೋಲೀಸರ ಗುಂಡಿನಿಂದ 356, ಇರಿತದಿಂದ 347, ಬೆಂಕಿ ಹಚ್ಚಿದುದರಿಂದ 91, ಗುಂಪಿನ ದಾಳಿಯಿಂದ 80, ಖಾಸಗಿ ವ್ಯಕ್ತಿಗಳ ಗುಂಡಿನಿಂದ 22, ಇತರ ಕಾರಣಗಳಿಂದ 4.

ಗಲಭೆಯೆಂದರೆ ಉದ್ರಿಕ್ತ ಜನಸಮೂಹದ ಕ್ಷಣಿಕ ಉನ್ಮಾದವೆಂಬುದು ಲೋಕರೂಢಿಯ ಮಾತು. ಮೇಲಿನ ಪಟ್ಟಿಯು ಅದನ್ನು ಸಮರ್ಥಿಸುವುದಿಲ್ಲ. ಗುಂಪಿನ ದಾಳಿಗೆ ಸೇರಿದ ಸಾವುಗಳು ಹತ್ತರಲ್ಲೊಂದು ಪಾಲಿಗೂ ಕಡಿಮೆ. ಬೆಂಕಿಯ ಸಾವುಗಳನ್ನು ಕೂಡಿಸಿದರೂ 171 ಮಾತ್ರ. ಪೋಲೀಸರ ಬಂದೂಕು ಮತ್ತು ಚೂರಿ ಇವೆರಡೇ 703 ಜೀವಗಳನ್ನು, ಅಂದರೆ ಶೇಕಡ 78ರಷ್ಟನ್ನು, ಬಲಿ ತೆಗೆದುಕೊಂಡವು. ಬಂದೂಕನ್ನು ಹಿಡಿದವನು ಸರಕಾರದ ಸಮವಸ್ತ್ರದಲ್ಲಿದ್ದನು. ಚೂರಿಯನ್ನು ಹಿಡಿದವನು ಕೈಯಳತೆಯ ದೂರದಲ್ಲಿದ್ದನು. ಶಾಂತಿಪಾಲನೆಗಾಗಿ ಗುಂಡು ಹಾರಿಸುವುದು ಅನಿವಾರ್ಯವಾಗುವ ಸಂದರ್ಭಗಳು ಇಲ್ಲದಿಲ್ಲ. ಆದರೆ ಎಲ್ಲ ಗೋಲೀಬಾರುಗಳನ್ನೂ ಆಯೋಗವು ಹಾಗೆಂದು ಒಪ್ಪಲಿಲ್ಲ. ಆಂಟಾಪ್ ಹಿಲ್‌ಗೆ ಸಮೀಪದ ವಡಾಲಾದ ಹರಿ ಮಸೀದಿಯಲ್ಲಿ 1993ರ ಜನವರಿ 10ರಂದು ನಡೆದ ಗೋಲೀಬಾರನ್ನು ಅದು ಅಸಮರ್ಥನೀಯವೆಂದು ಕಂಡಿತು.

ಕಾರಣವನ್ನು ಅರಿಯುವುದು ಹೊಣೆಯನ್ನು ಅರಿಯುವುದೇ ಆಗಿದೆ. 1998ರಲ್ಲಿ ಆರಂಭವಾದ ಕಾಂಗೋ ಯುದ್ಧದಲ್ಲಿ ಆಯುಧಕ್ಕಿಂತ ರೋಗ ಮತ್ತು ಹಸಿವಿನಿಂದ ಸತ್ತವರೇ ಅಧಿಕ. ಅಲ್ಲಿ ಪ್ರಶ್ನೆಯು ಅನ್ನ ಔಷಧಗಳು ಜನರನ್ನು ಏಕೆ ತಲುಪಲಿಲ್ಲವೆಂಬುದು. 1994ರ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರು ಹತರಾದರು, ಅವರಲ್ಲಿ ಅನೇಕರು ಮಚ್ಚಿನಿಂದ. ಅಲ್ಲಿ ಪ್ರಶ್ನೆಯು ನೆರೆಯವನ ಕೈಗೆ ಮಚ್ಚು ಕೊಟ್ಟವರಾರೆಂಬುದು. 1949ರ ಜಿನೀವಾ ಒಪ್ಪಂದಗಳ ಮೂರನೆಯ ವಿಧಿಯು ಇಂತಹ ಆಂತರಿಕ ಸಶಸ್ತ್ರ ಸಂಘರ್ಷಗಳಿಗೆ ಅನ್ವಯಿಸುತ್ತದೆ. ನಗರದ ಗಲಭೆಯು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರದು. ಆದುದರಿಂದಲೇ ದೇಶದೊಳಗಿನ ವಿಚಾರಣೆಯೊಂದು ಸಿದ್ಧಪಡಿಸಿದ ಈ ಪಟ್ಟಿಗೆ ವಿಶೇಷ ಬೆಲೆಯುಂಟು.

ಆದರೂ ಪಟ್ಟಿಯು ಪೂರ್ಣವಲ್ಲ. 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನಲ್ಲಿ 900 ಮೃತರ ಜೊತೆಗೆ ಕಾಣೆಯಾದ 168 ಮಂದಿಯ ಉಲ್ಲೇಖವಿದೆ. ಅವರಲ್ಲಿ 60 ಮಂದಿಯ ಕುಟುಂಬಗಳಿಗಷ್ಟೇ ಪರಿಹಾರವು ಸಂದಿತ್ತು. ಉಳಿದ 108 ಮಂದಿಯ ಕುಟುಂಬಗಳನ್ನು ಹುಡುಕಲು ನ್ಯಾಯಾಲಯವು ಆದೇಶಿಸಿತು. ಗುಂಡಿನಿಂದಲೋ ಚೂರಿಯಿಂದಲೋ ಬೆಂಕಿಯಿಂದಲೋ ಎಂಬ ಯಾವ ಕಾರಣದ ಕೆಳಗೂ ಕಾಣೆಯಾದವರ ಹೆಸರು ಸೇರಲಿಲ್ಲ. ಕಾರಣವು ದಾಖಲಾಗದ ಸಾವಿಗೆ ಹೊಣೆ ಹೊರುವವನೂ ಇರುವುದಿಲ್ಲ. ಮುಂಬಯಿಯ ಚರಿತ್ರೆಯಲ್ಲಿ ಇಂದಿಗೂ ತುಂಬದೆ ಉಳಿದಿರುವ ಪುಟವು ಇದೇ.