ಪೆಡಲಿನಿಂದ ಗಾಳಿಯವರೆಗೆ: ಪಿಕಪ್ ತಡವಾಗುವುದು ಎಲ್ಲಿ?

ಕೇಬಲ್ ಇದ್ದ ಕಾಲದಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ನೇರವಾಗಿ ತೆರೆದುಕೊಳ್ಳುತ್ತಿತ್ತು. ಈಗಿನ ಕಾರುಗಳಲ್ಲಿ ಪೆಡಲ್ ಕೋರಿಕೆ ಸಲ್ಲಿಸುತ್ತದೆ, ಎಷ್ಟು ತೆರೆಯಬೇಕೆಂದು ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತೀರ್ಮಾನಿಸುತ್ತದೆ. 1980ರ ದಶಕದ ಕೊನೆಗೆ ಬಿಎಂಡಬ್ಲ್ಯು 750ಐ ಕಾರಿನ ಹನ್ನೆರಡು ಸಿಲಿಂಡರಿನ ಇಂಜಿನ್ನಿನಲ್ಲಿದ್ದ ಈ ವ್ಯವಸ್ಥೆ ಇಂದು ಸಣ್ಣ ಹ್ಯಾಚ್‌ಬ್ಯಾಕುಗಳಲ್ಲೂ ಇದೆ. ಜೊತೆಗೆ ‘ಪಿಕಪ್ ತಡ’ ಎಂಬ ದೂರೂ, ಅದಕ್ಕೆ ಪರಿಹಾರವೆಂದು ಮಾರುವ ಪೆಡಲ್ ಬೂಸ್ಟರ್‌ಗಳೂ ಬಂದಿವೆ. ಇವು ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ಇಲ್ಲಿ ನೋಡಿದ್ದೇನೆ. ಚರ್ಚೆ ಪೆಟ್ರೋಲ್ ಇಂಜಿನ್ನಿಗೆ ಸೀಮಿತ. ಡೀಸೆಲ್ಲಿನಲ್ಲಿ ಪೆಡಲ್ ಕೇಳುವುದು ಮುಖ್ಯವಾಗಿ ಇಂಧನವನ್ನು.

ಪೆಡಲಿನೊಳಗೆ ಒಂದನ್ನೊಂದು ಅವಲಂಬಿಸದ ಎರಡು ಸೆನ್ಸರ್‌ಗಳಿರುತ್ತವೆ. ಅನೇಕ ಕಾರುಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು: ಒಂದರಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲಿ 1 ವೋಲ್ಟ್ ಬರಬೇಕು. ಈ ಅನುಪಾತ ತಪ್ಪಿದರೆ ಇಸಿಯು ಪಿ2138 ಎಂಬ ದೋಷಸಂಕೇತ ದಾಖಲಿಸಿ, ಚೆಕ್ ಇಂಜಿನ್ ದೀಪ ಹೊತ್ತಿಸಿ, ಇಂಜಿನ್ನಿನ ಶಕ್ತಿಯನ್ನು ಕುಗ್ಗಿಸುತ್ತದೆ. ಪೆಡಲಿಗೂ ಅದರ ಕನೆಕ್ಟರಿಗೂ ನಡುವೆ ಸಿಕ್ಕಿಸುವ ಬೂಸ್ಟರ್ ಈ ಅನುಪಾತವನ್ನು ಕಾಯ್ದುಕೊಂಡೇ ಎರಡೂ ಸಂಕೇತಗಳನ್ನು ಮೇಲಕ್ಕೇರಿಸುತ್ತದೆ. ಕಾಲು ಕೊಟ್ಟದ್ದು 2 ಮತ್ತು 1 ವೋಲ್ಟ್ ಆದರೆ ಇಸಿಯುಗೆ ಮುಟ್ಟುವುದು, ಉದಾಹರಣೆಗೆ, 3 ಮತ್ತು 1.5. ಅರ್ಧಕ್ಕಿಂತ ಕಡಿಮೆ ಒತ್ತಿದ್ದರೂ ಮುಕ್ಕಾಲು ಭಾಗ ಒತ್ತಿದಂತೆ ಇಸಿಯು ಭಾವಿಸುತ್ತದೆ.

ಪೆಡಲನ್ನು ತಳಕ್ಕೆ ಒತ್ತಿದಾಗ ಮಾತ್ರ ಬೂಸ್ಟರ್ ಇದ್ದರೂ ಇಲ್ಲದಿದ್ದರೂ ಕೋರಿಕೆ ನೂರಕ್ಕೆ ನೂರೇ. ಕಾಲು ತಳ ಮುಟ್ಟುವ ಹೊತ್ತಿನಲ್ಲಿ ಒಂದಿಷ್ಟು ಉಳಿತಾಯ ಆದೀತು, ಅಷ್ಟೆ. ಹಾಗಾಗಿ ತಳಕ್ಕೆ ಒತ್ತಿದರೂ ಗಾಡಿ ತಡವಾಗಿ ಎಳೆಯುತ್ತಿದ್ದರೆ ಆ ತಡದ ಮೂಲ ಪೆಡಲಿನ ಆಚೆಗಿದೆ. ಸೂಕ್ಷ್ಮತೆ ಮತ್ತು ವಿಳಂಬ ಎರಡು ಬೇರೆ ಗುಣಗಳು. ಬೂಸ್ಟರ್ ಮುಟ್ಟುವುದು ಮೊದಲನೆಯದನ್ನು ಮಾತ್ರ. ಈ ಭೇದ ತಿಳಿಯದೆ ಜನ ದುಡ್ಡು ಸುರಿಯುತ್ತಿರುವುದು ನನಗೆ ನಿಜಕ್ಕೂ ಕಳವಳದ ಸಂಗತಿ.

ವಿಳಂಬದ ಜಾಗ ಪತ್ತೆಹಚ್ಚಲು ಇಸಿಯುವಿನ ಅಂಕಿಗಳನ್ನು ಓದುವ ಓಬಿಡಿ ಸ್ಕ್ಯಾನರ್ ನೆರವಾಗುತ್ತದೆ. ಪೆಡಲಿನ ಸ್ಥಾನ, ಇಸಿಯು ಆದೇಶಿಸಿದ ಥ್ರಾಟಲ್, ನಿಜವಾಗಿ ತೆರೆದ ಥ್ರಾಟಲ್, ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ಈ ನಾಲ್ಕನ್ನೂ ಒಂದೇ ನಕ್ಷೆಯಲ್ಲಿ ಇಡಬೇಕು. ಪೆಡಲಿಗೂ ಆದೇಶಕ್ಕೂ ಅಂತರ ಕಂಡರೆ ಅದು ಸಾಫ್ಟ್‌ವೇರಿನದು. ಆದೇಶವಾಗಿಯೂ ತಟ್ಟೆ ಹಿಂದುಳಿದರೆ ಅದನ್ನು ತಿರುಗಿಸುವ ಮೋಟರನ್ನೋ ಅಂಚಿಗೆ ಕಟ್ಟಿದ ಕಾರ್ಬನ್ನನ್ನೋ ಶಂಕಿಸಬೇಕು. ಆರೋಗ್ಯವಾಗಿರುವ ಮೋಟರ್ ತಟ್ಟೆಯನ್ನು ಪೂರ್ತಿ ತೆರೆಯಲು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ಸಾಕು. ತಟ್ಟೆ ತೆರೆದರೂ ಒತ್ತಡ ನಿಧಾನವಾಗಿ ಏರಿದರೆ ಟರ್ಬೊ ಇನ್ನೂ ವೇಗ ಪಡೆಯುತ್ತಿದೆ, ಇಲ್ಲವೇ ಗಾಳಿಯ ದಾರಿಯಲ್ಲಿ ಅಡ್ಡಿ ಅಥವಾ ಸೋರಿಕೆ ಇದೆ. ಅಗ್ಗದ ಸ್ಕ್ಯಾನರ್‌ಗಳು ನಾಲ್ಕು ಅಂಕಿಗಳನ್ನು ಒಂದಾದ ಮೇಲೊಂದರಂತೆ, ಸೆಕೆಂಡಿಗೆ ಕೆಲವೇ ಸಲ ಓದುತ್ತವೆ. ಆದ್ದರಿಂದ ಕ್ಷಣಾರ್ಧದ ವ್ಯತ್ಯಾಸಗಳನ್ನು ಅವುಗಳಿಂದ ನಿರ್ಣಯಿಸಲಾಗದು.

ಸಾಫ್ಟ್‌ವೇರಿನ ವಿಳಂಬವೆಲ್ಲ ದೋಷವೆಂದು ಭಾವಿಸಬಾರದು. ಕಾಲು ಹಠಾತ್ತನೆ ಒತ್ತಿದಾಗ ಗೇರು, ಶಾಫ್ಟುಗಳ ನಡುವಿನ ಸಡಿಲ ಒಮ್ಮೆಲೇ ಬಿಗಿದು ಗಾಡಿ ಜರ್ಕ್ ಹೊಡೆಯುತ್ತದೆ. ಅದನ್ನು ತಪ್ಪಿಸಲು ಇಸಿಯು ಟಾರ್ಕನ್ನು ಹದವಾಗಿ ಏರಿಸುತ್ತದೆ. ಹೊಗೆಯ ನಿಯಂತ್ರಣಕ್ಕೂ ಗಾಳಿ ಮತ್ತು ಇಂಧನ ಒಟ್ಟಿಗೆ ಹೆಜ್ಜೆ ಹಾಕಬೇಕು. ಬೂಸ್ಟರನ್ನು ಅತಿ ಚುರುಕಿಗೆ ಇಟ್ಟರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಕಾಲಿಗೆ ಹಿಡಿತ ಸಿಗುವುದಿಲ್ಲ. ಘಾಟಿಯಲ್ಲಿ ಓವರ್‌ಟೇಕ್ ಮಾಡುವಾಗ ಪಿಕಪ್ ಬೇಕಿದ್ದರೆ ಮೊದಲೇ ಒಂದು ಗೇರ್ ಇಳಿಸುವುದು ಹೆಚ್ಚು ಫಲಕಾರಿ, ಏಕೆಂದರೆ ಆಗ ಚಕ್ರಕ್ಕೆ ತಲುಪುವ ಟಾರ್ಕ್ ನಿಜವಾಗಿಯೂ ಹೆಚ್ಚುತ್ತದೆ. ಸ್ಪೋರ್ಟ್ ಮೋಡ್ ಇರುವ ಕಾರಿನಲ್ಲಿ ತಯಾರಕರೇ ಪರೀಕ್ಷಿಸಿದ ಚುರುಕಾದ ಪೆಡಲ್ ಹೊಂದಿಕೆ ಸಿದ್ಧವಾಗಿರುತ್ತದೆ.

ತಟ್ಟೆಯಂಚಿನ ಕಾರ್ಬನ್ ತೆಗೆಸಿದವರು ಇನ್ನೊಂದು ಕೆಲಸ ಮರೆಯಬಾರದು. ಕೊಳೆಗೆ ಹೊಂದಿಕೊಂಡಿದ್ದ ಇಸಿಯು ಐಡ್ಲಿಂಗಿನಲ್ಲಿ ತಟ್ಟೆಯನ್ನು ಸ್ವಲ್ಪ ಹೆಚ್ಚೇ ತೆರೆದಿಡಲು ಕಲಿತಿರುತ್ತದೆ. ಸ್ಕ್ಯಾನರಿನಲ್ಲಿ ಆ ಹಳೆಯ ಕಲಿಕೆಯನ್ನು ಅಳಿಸಿ ಹೊಸದಾಗಿ ಕಲಿಸುವವರೆಗೆ ಇಂಜಿನ್ ನಿಂತಲ್ಲೇ ಜೋರಾಗಿ ಓಡಬಹುದು.