ಗಿಲಕಿ ಚೆಂಡಿನ ವಿಶ್ವಕಪ್: ಶಿವಮೊಗ್ಗದಿಂದ ಜಮಾಲ್‌ಪುರದ ತನಕ

ನವರಂಗಪುರದಲ್ಲಿ ಬಾಡಿಗೆಗೆ ಇರೋ ನಮ್ಮಂಥವರು ದಿನಾ ದಾಟಿ ಹೋಗುವ ಸರ್ದಾರ್ ಪಟೇಲ್ ಸ್ಟೇಡಿಯಂ ಇದೆಯಲ್ಲ, ಭಾರತದ ನೆಲದಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು ಅಲ್ಲೇ, 1981ರ ನವೆಂಬರ್‌ನಲ್ಲಿ, ಇಂಗ್ಲೆಂಡ್ ಎದುರು. ಇದನ್ನ ಬಹಳ ಜನ ಬಲ್ಲರು. ಇವತ್ತಿನ ಮಾತು ಇನ್ನೊಂದು ಕ್ರಿಕೆಟ್ ಬಗ್ಗೆ. ಅದರಲ್ಲಿ ಭಾರತ ಗೆದ್ದ ವಿಶ್ವಕಪ್‌ಗಳ ಲೆಕ್ಕ ಕೇಳಿದರೆ ನಮ್ಮ ಆಫೀಸಿನ ಕ್ರಿಕೆಟ್ ಪಂಡಿತರೂ ತಡವರಿಸ್ತಾರೆ.

ಅಂಧರ ಕ್ರಿಕೆಟ್ ಶುರುವಾದದ್ದು 1922ರಲ್ಲಿ, ಮೆಲ್ಬೋರ್ನ್‌ನಲ್ಲಿ. ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ಇಬ್ಬರು ಅಂಧರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅದನ್ನೇ ಚೆಂಡು ಮಾಡಿಕೊಂಡರು. ಈಗ ಅದು ಪ್ಲಾಸ್ಟಿಕ್ ಚೆಂಡು, ಒಳಗೆ ಸಣ್ಣ ಬೇರಿಂಗ್ ಗುಂಡುಗಳು. ಬೌಲರ್ "ರೆಡಿ?" ಅಂತ ಕೇಳಬೇಕು, ಬ್ಯಾಟರ್ "ಯೆಸ್" ಅನ್ನಬೇಕು, ಆಮೇಲೆ "ಪ್ಲೇ" ಅಂತ ಕೂಗಿ ಕೈ ಕೆಳಗಿನಿಂದ ಎಸೀಬೇಕು. ಪಿಚ್‌ನ ಅರ್ಧ ಮುಟ್ಟುವ ಮೊದಲೇ ಚೆಂಡು ನೆಲಕ್ಕೆ ಬೀಳಬೇಕು. ಚೆಂಡು ತಗ್ಗಿನಲ್ಲೇ ಬರುವುದರಿಂದ ಇಲ್ಲಿ ಸ್ವೀಪ್ ಹೊಡೆತವೇ ರಾಜ. ದೃಷ್ಟಿಯ ಪ್ರಮಾಣ ನೋಡಿ ಆಟಗಾರರನ್ನ ಬಿ1, ಬಿ2, ಬಿ3 ಅಂತ ವಿಂಗಡಿಸ್ತಾರೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಬಿ1, ಅಂದರೆ ಪೂರ್ತಿ ಅಂಧರು, ಇರಲೇಬೇಕು. ಅವರು ಹೊಡೆದ ಪ್ರತಿ ರನ್ನು ಎರಡಾಗಿ ಎಣಿಕೆಯಾಗುತ್ತೆ. ಇದನ್ನ ರಿಯಾಯಿತಿ ಅಂತ ಕರೆಯೋಕೆ ನಾನು ಒಪ್ಪಲ್ಲ. ಕಿವಿಯೊಂದರ ಮೇಲೆ ನಂಬಿಕೆಯಿಟ್ಟು ಬ್ಯಾಟ್ ಬೀಸುವವನ ಒಂದು ರನ್ನಿಗೆ ಎರಡರ ಬೆಲೆ ಇದ್ದೇ ಇದೆ.

ಮೊದಲ ವಿಶ್ವಕಪ್ 1998ರಲ್ಲಿ ದೆಹಲಿಯಲ್ಲಿ ನಡೆಯಿತು, ದಕ್ಷಿಣ ಆಫ್ರಿಕಾ ಗೆದ್ದಿತು. ನಮ್ಮವರ ಕಥೆ ಶುರುವಾಗೋದು 2012ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಮೊದಲ ಟಿ20 ವಿಶ್ವಕಪ್‌ನಿಂದ. ಸ್ವತಃ ದೃಷ್ಟಿದೋಷವಿರುವ ಜಿ.ಕೆ. ಮಹಾಂತೇಶ್ ಸ್ನೇಹಿತನ ಜೊತೆ 1997ರಲ್ಲಿ ಕಟ್ಟಿದ್ದ ಸಮರ್ಥನಂ ಸಂಸ್ಥೆ ಈ ಆಟದ ಬೆನ್ನಿಗೆ ನಿಂತಿತ್ತು. ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಹುಟ್ಟು ಅಂಧ, ಬಾಲ್ಯದಲ್ಲಿ ಆದ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿಗೆ ಸ್ವಲ್ಪ ದೃಷ್ಟಿ ಬಂತು. ಅಂಧ ಮಕ್ಕಳ ಶಾಲೆಯಲ್ಲಿ ಆಟ ಕಲಿತ ಹುಡುಗ. ಪಾಕಿಸ್ತಾನದ ಎದುರಿನ ಫೈನಲ್‌ನಲ್ಲಿ ಭಾರತ 29 ರನ್‌ಗಳಿಂದ ಗೆದ್ದಿತು. 2014ರಲ್ಲಿ ಕೇಪ್‌ಟೌನ್‌ನಲ್ಲಿ ಏಕದಿನ ವಿಶ್ವಕಪ್ಪೂ ಬಂತು, 2017ರಲ್ಲಿ ಚಿನ್ನಸ್ವಾಮಿಯಲ್ಲಿ ಮತ್ತೆ ಟಿ20. ಅದೇ ವರ್ಷ ಶೇಖರ್‌ಗೆ ಪದ್ಮಶ್ರೀ ಸಿಕ್ಕಿತು. ಅಷ್ಟಾದರೂ ಕಾಯಂ ಉದ್ಯೋಗ ಹುಡುಕ್ತಾ ಇದಾರೆ ಅಂತ ಪತ್ರಿಕೆಗಳಲ್ಲಿ ಬಂತು.

ಈಗ ನಮ್ಮ ಊರಿಗೆ, ಅಂದರೆ ಈ ಊರಿಗೆ ಬರೋಣ. 2018ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನವನ್ನ 2 ವಿಕೆಟ್‌ಗಳಿಂದ ಸೋಲಿಸಿದ ತಂಡದಲ್ಲಿ ಕರ್ನಾಟಕದ ಸುನಿಲ್ ರಮೇಶ್ ಫೈನಲ್‌ನಲ್ಲಿ 93 ಹೊಡೆದರು. ಗುಜರಾತಿನ ನವಸಾರಿಯ ನರೇಶ್ ತುಮ್ಡಾ ಕೂಡ ಅದೇ ತಂಡದವರು. ಕೊರೊನಾ ಕಾಲದಲ್ಲಿ ಈ ನರೇಶ್ ಸಾಬರಮತಿಯ ಆಚೆ ದಡದ ಜಮಾಲ್‌ಪುರ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದರು. 2021ರಲ್ಲಿ ನವಸಾರಿಯಲ್ಲಿ ಕೂಲಿಗೆ ಹೋಗ್ತಿದ್ದರು, ದಿನಕ್ಕೆ 250 ರೂಪಾಯಿ. ಕೆಲಸ ಕೊಡಿ ಅಂತ ಮುಖ್ಯಮಂತ್ರಿಗೆ ಮೂರು ಸಲ ಮನವಿ ಕೊಟ್ಟರೂ ಉತ್ತರ ಬರಲಿಲ್ಲ ಅಂತ ಅವರೇ ಹೇಳಿಕೊಂಡರು. 2016ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ 4 ಶೇಕಡಾ ಮೀಸಲು ಇಟ್ಟಿದೆ, ಅದರಲ್ಲಿ 1 ಶೇಕಡಾ ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಕಾಗದದ ಮೇಲಿನ ಈ ಒಂದು ಶೇಕಡಾ ಜಮಾಲ್‌ಪುರದ ತನಕ ನಡೆದು ಬರಲಿಲ್ಲ, ಅಷ್ಟೆ.

ಹಾಗಂತ ಈ ಊರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ವಸ್ತ್ರಾಪುರದ ಅಂಧಜನ ಮಂಡಳವನ್ನ ಕಟ್ಟಿದ ಜಗದೀಶ್ ಪಟೇಲ್ ಬಾಲ್ಯದಲ್ಲೇ ಕಣ್ಣು ಕಳಕೊಂಡವರು. ದಾನಕ್ಕಿಂತ ಶಾಲೆ, ಕೈಕೆಲಸದ ತರಬೇತಿ ಮುಖ್ಯ ಅಂತ ದುಡಿದರು. 1991ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಐಐಎಂ ಕಡೆ ಹೋದಾಗ ಒಮ್ಮೆ ಆ ಕ್ಯಾಂಪಸ್ ನೋಡಿ ಬನ್ನಿ.

ಕೊನೆಗೆ ಹೊಸ ಸುದ್ದಿ. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಫೈನಲ್ ನಡೆದ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಕೂಡ ಭಾರತದ್ದೇ, ನೇಪಾಳದ ಎದುರು 7 ವಿಕೆಟ್ ಜಯ. ನಾಯಕಿ ದೀಪಿಕಾ ಟಿ.ಸಿ. ಕರ್ನಾಟಕಕ್ಕೆ ಆಡುವವರು, ಊರು ಮಾತ್ರ ಗಡಿಯಾಚೆ ಆಂಧ್ರದ ಮಡಕಶಿರಾ ಕಡೆ. ಗೆದ್ದು ಬಂದ ಮೇಲೆ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರನ್ನ ಭೇಟಿಯಾದಾಗ ಆಕೆ ತಮ್ಮ ಹಳ್ಳಿಗೆ ರಸ್ತೆ ಕೇಳಿದರು. ರಸ್ತೆ ಮಂಜೂರಾಯಿತು.